ಠೂ ಬಿಟ್ಟ ಆ್ಯಪುಗಳು

ಕೂಡುಕುಟುಂಬಗಳಲ್ಲಿ ವಾರಗಿತ್ತಿಯರು ಮಾತು ಬಿಟ್ಟರೆ ಅವರ ನಡುವೆ ಒಂದು ಮಗುವಿಗೆ ಕೆಲಸ ಸಿಗುತ್ತಿತ್ತು. ಇಬ್ಬರೂ ಒಂದೇ ಒಲೆಯ ಎರಡು ಬದಿಗೆ ನಿಂತಿದ್ದರೂ ಒಬ್ಬಾಕೆ ‘ಉಪ್ಪು ಮುಗಿದಿದೆ ಅಂತ ನಿಮ್ಮ ದೊಡ್ಡಮ್ಮನಿಗೆ ಹೇಳು’ ಎನ್ನುತ್ತಿದ್ದಳು. ಇನ್ನೊಬ್ಬಾಕೆ ‘ಮುಗಿಸಿದವರೇ ತರಿಸಲಿ ಅಂತ ನಿಮ್ಮಮ್ಮನಿಗೆ ಹೇಳು’ ಎನ್ನುತ್ತಿದ್ದಳು. ಮಗು ಮೂರಡಿ ಜಾಗದಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ಈಗ ಆ ಮಗು ದೊಡ್ಡದಾಗಿ, ಕಂತಿನಲ್ಲಿ ಸ್ಮಾರ್ಟ್‌ಫೋನ್ ಕೊಂಡಿದೆ. ಕೆಲಸ ಮಾತ್ರ ಬದಲಾಗಿಲ್ಲ. ರೈಲಿನ ಟಿಕೆಟ್ಟು ಒಂದು ಆ್ಯಪಿನಲ್ಲಿರುತ್ತದೆ, ರೈಲು ಹೊರಡುವ ಹೊತ್ತು ಪಕ್ಕದಲ್ಲೇ ಇರುವ ಕ್ಯಾಲೆಂಡರಿಗೆ ಗೊತ್ತಿರುವುದಿಲ್ಲ. ಕೈಗಡಿಯಾರ ಇವತ್ತು ಏಳು ಸಾವಿರ ಹೆಜ್ಜೆ ಎಂದರೆ ಫೋನು ಐದು ಸಾವಿರ ಎನ್ನುತ್ತದೆ. ಕಾಲುಗಳು ಮಾತ್ರ ಎರಡೇ. ವಿಳಾಸಪುಸ್ತಕದಲ್ಲಿ ‘ರಾಜು ಪ್ಲಂಬರ್’, ‘ಪ್ಲಂಬರ್ ರಾಜು’, ‘ರಾಜು ಪ್ಲಂಬರ್ ಹೊಸ ನಂಬರ್’ ಎಂದು ಮೂವರು ನೆಲೆಸಿರುತ್ತಾರೆ, ನಲ್ಲಿ ಒಡೆದ ದಿನ ಮೂವರೂ ಸ್ವಿಚ್ ಆಫ್. ಕರೆಂಟು ಬಿಲ್ಲು ಕಟ್ಟಿದ್ದನ್ನು ಕಟ್ಟಿಸಿಕೊಂಡ ಆ್ಯಪು ಒಪ್ಪುತ್ತದೆ, ಬಿಲ್ಲು ಕೊಟ್ಟ ಆ್ಯಪು ಇನ್ನೂ ಬಾಕಿ ಎಂದು ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಎಲ್ಲರೂ ಒಂದೇ ಗಾಜಿನ ಹಿಂದೆ, ಅಂಗೈಯಷ್ಟು ಜಾಗದಲ್ಲಿ ಸಂಸಾರ ಮಾಡುತ್ತಿದ್ದಾರೆ. ಮಾತುಕತೆ ಮಾತ್ರ ನಮ್ಮ ಮೂಲಕ.

ಈ ಓಡಾಟವನ್ನು ಸಲೀಸು ಮಾಡಿಕೊಳ್ಳಲು ನಾವೇ ಒಂದು ತಂತ್ರಜ್ಞಾನ ಕಂಡುಕೊಂಡಿದ್ದೇವೆ, ಅದರ ಹೆಸರು ಸ್ಕ್ರೀನ್‌ಶಾಟ್. ಯಾವ ಆ್ಯಪಿನಿಂದ ಯಾವ ಆ್ಯಪಿಗೆ ಏನು ಸಾಗಬೇಕಿದ್ದರೂ ಅದರ ಒಂದು ಫೋಟೋ ಹಿಡಿದು ದಾಟಿಸುವುದು. ಹಣ ಕಳಿಸಿದ್ದಕ್ಕೆ ಸ್ಕ್ರೀನ್‌ಶಾಟ್, ಟಿಕೆಟ್ಟಿಗೆ ಸ್ಕ್ರೀನ್‌ಶಾಟ್, ರಕ್ತಪರೀಕ್ಷೆಯ ವರದಿಗೆ ಸ್ಕ್ರೀನ್‌ಶಾಟ್, ಮನೆಗೆ ಬರುವ ದಾರಿಗೆ ನಕ್ಷೆಯ ಸ್ಕ್ರೀನ್‌ಶಾಟ್; ಅದರಲ್ಲಿ ಆ ನೀಲಿ ಚುಕ್ಕೆ ಕಳಿಸಿದವರ ಮನೆಯ ಸೋಫಾದ ಮೇಲೆಯೇ ಶಾಶ್ವತವಾಗಿ ಕೂತಿರುತ್ತದೆ. ಇದಕ್ಕೂ ಜಗ್ಗದ ಸಂಗತಿಗಳನ್ನು ನಮಗೆ ನಾವೇ ವಾಟ್ಸಾಪ್ ಮಾಡಿಕೊಳ್ಳುತ್ತೇವೆ. ತನಗೆ ತಾನೇ ಮಾತಾಡಿಕೊಳ್ಳುವವರನ್ನು ಊರಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದರು. 2022ರಲ್ಲಿ ವಾಟ್ಸಾಪೇ ಅದನ್ನು ಒಂದು ಸೌಲಭ್ಯವೆಂದು ಒಪ್ಪಿಕೊಂಡ ಮೇಲೆ ಮರ್ಯಾದೆ ಬಂದಿದೆ.

ಇದನ್ನೆಲ್ಲ ಯಂತ್ರದ ಮಂಕುತನ ಎಂದು ಕ್ಷಮಿಸಿಬಿಡುವುದು ಸುಲಭ. ‘ಪಾಪ, ಅದಕ್ಕೇನು ಗೊತ್ತು’ ಎನ್ನುವವರ ಮನಸ್ಸು ದೊಡ್ಡದು. ಆದರೆ ಅದೇ ಫೋನಿನಲ್ಲಿ ಯಾವುದೋ ಒಂದು ಅಂಗಡಿಯ ಆ್ಯಪು ತೆರೆದು ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಎಷ್ಟು ಎಂದು ಒಮ್ಮೆ ನೋಡಿ. ಸಂಜೆಯೊಳಗೆ ಸುದ್ದಿಯ ಆ್ಯಪಿನಲ್ಲಿ ಗ್ಯಾಸ್ಕೆಟ್, ಕ್ರಿಕೆಟ್ ಸ್ಕೋರಿನ ಕೆಳಗೆ ಗ್ಯಾಸ್ಕೆಟ್, ಭಜನೆಯ ವಿಡಿಯೋಗೂ ಮೊದಲು ಗ್ಯಾಸ್ಕೆಟ್. ಬೆಳಗ್ಗೆಯಿಂದ ಪರಸ್ಪರ ಮುಖ ನೋಡದ ಈ ಆ್ಯಪುಗಳಿಗೆ ನಿಮ್ಮ ಕುಕ್ಕರಿನ ಸಂಕಟ ಯಾರು ಹೇಳಿದರು? ಇದರಲ್ಲಿ ಗುಟ್ಟೇನಿಲ್ಲ. ಪ್ರತಿ ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇಟ್ಟಿದ್ದಾರೆ. ಒಂದು ಆ್ಯಪಿನಲ್ಲಿ ಕಂಡವರೇ ಇನ್ನೊಂದರಲ್ಲೂ ಬಂದಿದ್ದಾರೆ ಎಂದು ಪತ್ತೆ ಹಚ್ಚುವುದು ಅದರಿಂದ. 2021ರಿಂದ ಐಫೋನಿನಲ್ಲಿ ಇದಕ್ಕೆ ಬಳಕೆದಾರರ ಅನುಮತಿ ಕೇಳಬೇಕೆಂಬ ನಿಯಮ ಬಂದಾಗ ಜಾಹೀರಾತಿನ ಲೋಕದಲ್ಲಿ ದೊಡ್ಡ ಗೋಳಾಟವೇ ನಡೆಯಿತು. ಬ್ರೌಸರುಗಳ ಲೋಕದಲ್ಲಿ ಜಾಹೀರಾತು ಕಂಪನಿಗಳು ತಮ್ಮ ತಮ್ಮ ಗುರುತುಗಳನ್ನು ಪರಸ್ಪರ ತಾಳೆ ಹಾಕಿಕೊಳ್ಳುವ ಏರ್ಪಾಟಿಗೆ ಆ ಕಸುಬಿನವರು ಇಟ್ಟ ಹೆಸರು ಏನು ಗೊತ್ತೆ? ಕುಕಿ ಸಿಂಕಿಂಗ್. ಅಂದರೆ ಸಿಂಕ್ ಮಾಡುವ ವಿದ್ಯೆ ಇವರಿಗೆ ಬರುತ್ತದೆ, ಹೊತ್ತು ಗೊತ್ತಿಲ್ಲದೆ ಮಾಡುತ್ತಾರೆ, ಅನುಮತಿ ಕೇಳು ಎಂದರೆ ಅಳುವಷ್ಟು ಇಷ್ಟಪಟ್ಟು ಮಾಡುತ್ತಾರೆ. ನಮ್ಮ ರೈಲಿನ ಹೊತ್ತನ್ನು ಕ್ಯಾಲೆಂಡರಿಗೆ ದಾಟಿಸುವಾಗ ಮಾತ್ರ ಮೈಗೆ ಹುಷಾರಿರುವುದಿಲ್ಲ. ಗ್ಯಾಸ್ಕೆಟ್ ಕೊಂಡಾದ ಮೇಲೂ ವಾರಗಟ್ಟಲೆ ಗ್ಯಾಸ್ಕೆಟ್ಟೇ ಬರುತ್ತದಲ್ಲ, ಅದು ದಡ್ಡತನ ತಾನೆ ಎಂದು ನೀವು ಕೇಳಬಹುದು. ಇರಬಹುದು. ಆದರೆ ಆ ದಡ್ಡತನದಿಂದ ಜಾಹೀರಾತು ತೋರಿಸುವವರಿಗೆ ನಷ್ಟವಿಲ್ಲ, ತೋರಿಸಿದ್ದಕ್ಕೆ ಕಾಸು ಬಂದೇ ಬರುತ್ತದೆ. ನಷ್ಟವಿಲ್ಲದ ಕಡೆ ಬುದ್ಧಿ ಬರುವುದು ನಿಧಾನ.

ನನ್ನ ವಾದ ಇಷ್ಟೇ: ಎರಡು ಲೆಕ್ಕ ತಾಳೆಯಾಗದಿದ್ದಾಗ ಯಾರಿಗೆ ನಷ್ಟವೋ ತಾಳೆ ಹಾಕುವ ಕೆಲಸ ಅವರ ಪಾಲಿಗೆ ಬರುತ್ತದೆ. ಸದ್ಯ ನಷ್ಟ ನಮ್ಮದು, ಹಾಗಾಗಿ ಕೆಲಸವೂ ನಮ್ಮದು. ಮಿಕ್ಕದ್ದೆಲ್ಲ, ಅಂದರೆ ತಂತ್ರಜ್ಞಾನ, ಭದ್ರತೆ, ‘ಮುಂದಿನ ಅಪ್‌ಡೇಟಿನಲ್ಲಿ ನಿರೀಕ್ಷಿಸಿ’ ಇವೆಲ್ಲ, ಈ ಮಾತಿಗೆ ಹೊದಿಸಿದ ಶಾಲುಗಳು.

ವಿದ್ಯೆ ಹೊಸದೂ ಅಲ್ಲ. 1996ರಲ್ಲಿ ಪಾಮ್ ಪೈಲಟ್ ಎಂಬ ಅಂಗೈ ಯಂತ್ರವೊಂದು ಬಂತು. ಅದನ್ನು ಒಂದು ಪೀಠದ ಮೇಲಿಟ್ಟು ಒಂದೇ ಗುಂಡಿ ಒತ್ತಿದರೆ ಅದರೊಳಗಿನ ದಿನಚರಿ, ವಿಳಾಸ, ಟಿಪ್ಪಣಿಗಳು ಮೇಜಿನ ಕಂಪ್ಯೂಟರಿನೊಂದಿಗೆ ಸರಿಹೊಂದಿಕೊಳ್ಳುತ್ತಿದ್ದವು. ಗುಂಡಿ ಒಂದು, ತಂತಿ ಒಂದು. ಅದೇ ದಶಕದ ನಡುವಿನಲ್ಲಿ ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳು ವರ್ಸಿಟ್ ಎಂಬ ಕೂಟ ಕಟ್ಟಿಕೊಂಡು, ಒಬ್ಬರ ಹೆಸರು–ವಿಳಾಸ–ಫೋನ್ ನಂಬರನ್ನು ಯಾವ ಯಂತ್ರವೂ ಓದುವಂತೆ ಬರೆಯುವ ವಿಕಾರ್ಡ್ ಎಂಬ ರೂಪವನ್ನು ಗೊತ್ತು ಮಾಡಿದವು. 1998ರಲ್ಲಿ ಐಕ್ಯಾಲೆಂಡರ್ ಎಂಬ ಮಾನದಂಡ ಬಂತು: ಒಂದು ಕಾರ್ಯಕ್ರಮ ಯಾವತ್ತು, ಎಷ್ಟು ಹೊತ್ತಿಗೆ, ಯಾವ ದೇಶದ ಗಂಟೆಯ ಪ್ರಕಾರ, ಎಲ್ಲಿ, ಯಾರು ಬರುತ್ತಾರೆ ಎಂಬುದನ್ನೆಲ್ಲ ಕೆಲವೇ ಸಾಲುಗಳಲ್ಲಿ ಬರೆದು ಯಾರು ಯಾರಿಗೆ ಬೇಕಾದರೂ ಕಳಿಸುವ ಕ್ರಮ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಲೋಟಸ್ ಕಂಪನಿಯವರು, ಇನ್ನೊಬ್ಬರು ಮೈಕ್ರೋಸಾಫ್ಟಿನವರು. ಆ ಎರಡು ಕಂಪನಿಗಳು ಮಾರುಕಟ್ಟೆಯಲ್ಲಿ ಹಾವು ಮುಂಗುಸಿಯಂತಿದ್ದವು. ಹಾವು ಮುಂಗುಸಿ ಒಟ್ಟಿಗೆ ಕೂತು ದಿನಚರಿಯ ನಿಯಮ ಬರೆದು ಕಾಲು ಶತಮಾನ ದಾಟಿದೆ.

ಈಗ ಮದುವೆಯ ಆಹ್ವಾನ ಹೇಗೆ ಬರುತ್ತದೆ ನೋಡಿ. ವಾಟ್ಸಾಪಿನಲ್ಲಿ ಒಂದು ವಿಡಿಯೋ. ಗಣಪತಿ ಮೂಡುತ್ತಾನೆ, ನಾದಸ್ವರ ಮೊಳಗುತ್ತದೆ, ದಳ ದಳವಾಗಿ ಕಮಲ ಬಿಚ್ಚುತ್ತದೆ, ವಧೂವರರು ಮೈಸೂರಿನ ಯಾವುದೋ ಕೆರೆಯ ದಂಡೆಯಲ್ಲಿ ಬೇರೆ ಬೇರೆ ದಿಕ್ಕಿಗೆ ನೋಡುತ್ತಾರೆ. ಇಪ್ಪತ್ತು ಎಂಬಿ ಕಳೆದ ಮೇಲೆ ಮುಹೂರ್ತದ ಸಾಲು ಎರಡು ಸೆಕೆಂಡು ಮಿಂಚಿ, ಓದುವಷ್ಟರಲ್ಲಿ ಹೂಮಳೆಯಲ್ಲಿ ಮುಳುಗುತ್ತದೆ. ಜ್ಯೇಷ್ಠ ಶುದ್ಧ ದಶಮಿ, ಮಿಥುನ ಲಗ್ನ, ಬೆಳಗ್ಗೆ 6.15. ಫೋನಿನ ಪಾಲಿಗೆ ಇದು ದಿನಾಂಕವಲ್ಲ, ಚಲಿಸುವ ಬಣ್ಣ. ಆದ್ದರಿಂದ ವಿಡಿಯೋವನ್ನು ಹಿಂದಕ್ಕೆ ಎಳೆದು, ಬೆರಳೊತ್ತಿ ನಿಲ್ಲಿಸಿ, ಕ್ಯಾಲೆಂಡರಿಗೆ ಕೈಯಾರೆ ಬರೆದುಕೊಳ್ಳಬೇಕು. ನ್ಯೂಜೆರ್ಸಿಯಲ್ಲಿರುವ ಸೋದರಮಾವ ಬರೆದುಕೊಂಡರೆ ಇನ್ನೊಂದು ಅಧ್ಯಾಯ. ಅವರ ಫೋನು 6.15 ಅಂದರೆ ನ್ಯೂಜೆರ್ಸಿಯ 6.15 ಎಂದು ತಿಳಿದಿರುತ್ತದೆ. ವಿಮಾನ ಇಳಿದ ಕೂಡಲೇ ಬಹಳ ಬುದ್ಧಿವಂತಿಕೆಯಿಂದ ಅದನ್ನು ಭಾರತದ ಮಧ್ಯಾಹ್ನ 3.45ಕ್ಕೆ ತಿರುಗಿಸಿ ಇಡುತ್ತದೆ. ಅಷ್ಟು ಹೊತ್ತಿಗೆ ಧಾರೆಯಲ್ಲ, ಕೊನೆಯ ಪಂಕ್ತಿಯ ಮಜ್ಜಿಗೆಯೂ ಮುಗಿದಿರುತ್ತದೆ. ಯಾವ ದೇಶದ ಗಂಟೆ ಎಂದು ಬರೆಯಲು ಜಾಗ 1998ರಿಂದಲೂ ಇದೆ. ಬರೆಯುವವರಿಲ್ಲ, ಏಕೆಂದರೆ ಮುಹೂರ್ತ ತಪ್ಪಿದರೆ ವಿಡಿಯೋ ಮಾಡಿದವನಿಗಾಗಲಿ, ಅದನ್ನು ಸಾಗಿಸಿದ ಆ್ಯಪಿಗಾಗಲಿ ಊಟ ತಪ್ಪುವುದಿಲ್ಲ.

‘ಹಾಗೆ ಸುಮ್ಮನೆ ಬಯ್ಯಬೇಡಿ, ಸಿಂಕ್ ಎನ್ನುವುದು ನಿಜಕ್ಕೂ ಕಷ್ಟದ ಕೆಲಸ’ ಎಂದು ಎಂಜಿನಿಯರುಗಳು ಹೇಳುತ್ತಾರೆ. ಬೆಂಗಳೂರಿನಲ್ಲಿ ಈ ಮಾತು ಹೇಳಲು ಪ್ರತಿ ಮಹಡಿಗೊಬ್ಬರು ಸಿಗುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಬೇಕು. ಬೇರೆ ಬೇರೆ ಗಡಿಯಾರ ಇಟ್ಟುಕೊಂಡ ಯಂತ್ರಗಳ ನಡುವೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಯಾವಾಗಲೂ ಹೇಳಲಾಗದು ಎಂಬುದನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಒಂದು ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದರು. ಗಂಡನ ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಸಾಮಾನಿನ ಪಟ್ಟಿಯಿಂದ ಬೆಲ್ಲ ತೆಗೆದು ಹಾಕಿ, ಅದೇ ಹೊತ್ತಿಗೆ ಹೆಂಡತಿಯ ಫೋನಿನಲ್ಲಿ ಬೆಲ್ಲ ಎರಡು ಕೆಜಿ ಎಂದು ತಿದ್ದಿದರೆ, ಆಮೇಲೆ ಎರಡೂ ಫೋನು ಸೇರಿದಾಗ ಬೆಲ್ಲ ಇರಬೇಕೆ ಬೇಡವೆ? ಮನುಷ್ಯರ ಸಂಸಾರದಲ್ಲಿ ಇದಕ್ಕೆ ಉತ್ತರ ಖಚಿತವಾಗಿದೆ, ಗಣಿತದಲ್ಲಿ ಇಲ್ಲ. ಇಂಥಲ್ಲಿ ಯಂತ್ರ ಕಟ್ಟುವವರು ಯಾವುದಾದರೂ ಒಂದು ತಪ್ಪನ್ನು ಆರಿಸಿಕೊಳ್ಳಲೇಬೇಕು. ಅಮೆಜಾನ್ ಯಾವ ತಪ್ಪನ್ನು ಆರಿಸಿಕೊಂಡಿತು ಎಂಬುದು ಸ್ವಾರಸ್ಯವಾಗಿದೆ. ತನ್ನ ಖರೀದಿ ಬುಟ್ಟಿಯ ಹಿಂದಿದ್ದ ಡೈನಮೋ ಎಂಬ ವ್ಯವಸ್ಥೆಯ ಬಗ್ಗೆ ಅದರ ಎಂಜಿನಿಯರುಗಳು 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬುಟ್ಟಿಗೆ ಹಾಕಿದ ವಸ್ತು ಎಂದೂ ಕಳೆದುಹೋಗದು, ಆದರೆ ಬುಟ್ಟಿಯಿಂದ ತೆಗೆದ ವಸ್ತು ಒಮ್ಮೊಮ್ಮೆ ಮತ್ತೆ ಕಾಣಿಸಿಕೊಳ್ಳಬಹುದು ಎಂದು ಅದರಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ನೋಡಿ, ಗಣಿತ ಹೇಳಿದ್ದು ಏನಾದರೊಂದು ಮರೆಯಲೇಬೇಕು ಎಂದಷ್ಟೇ. ಯಾವುದನ್ನು ಮರೆಯಬೇಕು ಎಂದು ಹೇಳಿದ್ದು ಗಲ್ಲಾಪೆಟ್ಟಿಗೆ. ಅಂಗಡಿಯವನ ಮರೆವು ಗಿರಾಕಿಯ ಕಡೆಗೆ ವಾಲಿದ್ದನ್ನು ಯಾವ ಸಂತೆಯಲ್ಲೂ ಯಾರೂ ಕಂಡವರಿಲ್ಲ.

ಕೈಲಾಗದ್ದಕ್ಕೂ ಮನಸ್ಸಿಲ್ಲದ್ದಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಹೊರಗಿನವರಿಗೆ ತಿಳಿಯುವುದಿಲ್ಲ, ಕೋರ್ಟಿನಲ್ಲಿ ಮಾತ್ರ ತಿಳಿಯುತ್ತದೆ. ಅಮೆರಿಕದಲ್ಲಿ ಎಪಿಕ್ ಗೇಮ್ಸ್ ಎಂಬ ಕಂಪನಿ ಆ್ಯಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2021ರಲ್ಲಿ ಆ್ಯಪಲ್ ಅಧಿಕಾರಿಗಳ ಹಳೆಯ ಇಮೇಲುಗಳು ಬಯಲಿಗೆ ಬಂದವು. ಐಮೆಸೇಜ್ ಎಂಬ ತಮ್ಮ ಸಂದೇಶದ ಆ್ಯಪನ್ನು ಆಂಡ್ರಾಯ್ಡ್ ಫೋನುಗಳಿಗೂ ಕೊಟ್ಟರೆ, ಐಫೋನ್ ಇರುವ ಮನೆಯವರು ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇರುವ ಒಂದು ಅಡ್ಡಿಯನ್ನು ನಾವೇ ತೆಗೆದಂತಾಗುತ್ತದೆ ಎಂಬ ಅರ್ಥದಲ್ಲಿ ಕ್ರೇಗ್ ಫೆಡೆರಿಗಿ ಬರೆದಿದ್ದರು. ಹಾಗೆ ಮಾಡಿದರೆ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂಬುದು ಫಿಲ್ ಶಿಲ್ಲರ್ ಅವರ ಅಭಿಪ್ರಾಯ. ತಂತ್ರಜ್ಞಾನದ ಕಷ್ಟದ ಬಗ್ಗೆ ಅಲ್ಲಿ ತಲೆಬಿಸಿ ಇರಲಿಲ್ಲ. ಬೇಲಿ ಎಲ್ಲಿ ಹಾಕಬೇಕು ಎಂಬ ತೋಟಗಾರಿಕೆಯ ಚರ್ಚೆ ಇತ್ತು. ಒಂದು ಕಂಪನಿಯನ್ನೇ ಹಿಡಿದು ಬಯ್ಯುವುದೂ ಸರಿಯಲ್ಲ, ಅವರದು ಇಮೇಲು ಸಿಕ್ಕಿತು, ಬೇರೆಯವರದು ಸಿಕ್ಕಿಲ್ಲ. ಚಾರ್ಜರಿನ ಕತೆಯೂ ಹೀಗೆಯೇ. ಎಲ್ಲರಿಗೂ ಒಂದೇ ಬಗೆಯ ತೂತು ಎಂದು ಯುರೋಪಿನ ಒಕ್ಕೂಟ ಕಾನೂನು ತರಲು ಹೊರಟಾಗ, ಹೊಸ ಆವಿಷ್ಕಾರಗಳ ಉಸಿರು ಕಟ್ಟುತ್ತದೆ ಎಂಬ ಆಕ್ಷೇಪ ಬಂತು. 2022ರಲ್ಲಿ ಕಾನೂನು ಆಯಿತು, 2023ರ ಐಫೋನಿಗೆ ಯುಎಸ್‌ಬಿ–ಸಿ ಬಂತು, ಆವಿಷ್ಕಾರಗಳು ಇವತ್ತಿಗೂ ಉಸಿರಾಡುತ್ತಿವೆ. ಮದುವೆ ಮನೆಯಲ್ಲಿ ‘ಯಾರ ಹತ್ರಾದ್ರೂ ಐಫೋನ್ ಚಾರ್ಜರ್ ಇದೆಯಾ’ ಎಂದು ಕೂಗುತ್ತ ತಿರುಗುವವರ ಸಂಖ್ಯೆ ಕಡಿಮೆಯಾಗುತ್ತಿರುವುದು ನಮ್ಮ ಪಾಲಿಗೆ ಬಂದ ಲಾಭ.

ಎಲ್ಲವನ್ನೂ ಒಂದೇ ಕಂಪನಿಯದು ಕೊಂಡರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವ ಸಲಹೆಗಾರರು ಪ್ರತಿ ಬಂಧುಬಳಗದಲ್ಲೂ ಇರುತ್ತಾರೆ. ಫೋನು, ಗಡಿಯಾರ, ಕಿವಿಗೆ ಸಿಕ್ಕಿಸುವುದು, ಮಡಿಲಿಗೆ ಇಟ್ಟುಕೊಳ್ಳುವುದು ಎಲ್ಲ ಒಂದೇ ಮನೆತನದ್ದು, ಸಂಬಳ ಮಾತ್ರ ಬೇರೆ ಕಂಪನಿಯದು. ಈ ಸಲಹೆಯನ್ನು ಪಾಲಿಸುವ ಶಕ್ತಿ ಇದ್ದವರಿಗೂ ಅದು ಪೂರ್ತಿ ಫಲ ಕೊಡುವುದಿಲ್ಲ. ಗೂಗಲ್ ಒಂದೇ ಕಂಪನಿ ತಾನೆ? ಮಾತಾಡಿಕೊಳ್ಳಲೆಂದು ಅದು 2005ರಲ್ಲಿ ಟಾಕ್ ತಂದಿತು, 2013ರಲ್ಲಿ ಹ್ಯಾಂಗೌಟ್ಸ್ ತಂದಿತು, 2016ರಲ್ಲಿ ಆಲೋ ಮತ್ತು ಡುಯೋ ಎಂಬ ಅವಳಿಜವಳಿಯನ್ನು ಹಡೆಯಿತು, 2019ರಲ್ಲಿ ಆಲೋವನ್ನು ಮಣ್ಣು ಮಾಡಿತು, 2022ರಲ್ಲಿ ಡುಯೋವನ್ನು ಮೀಟ್ ಎಂಬ ದಾಯಾದಿಯ ಮನೆಗೆ ದತ್ತು ಕೊಟ್ಟು ಹ್ಯಾಂಗೌಟ್ಸಿನ ತಿಥಿಯನ್ನೂ ಮುಗಿಸಿತು. ಮೊದಲಿನ ಟಾಕ್ ತೆರೆದ ನಿಯಮದ ಮೇಲೆ ನಡೆಯುತ್ತಿತ್ತು, ಬೇರೆ ಕಂಪನಿಯ ಚಾಟಿನವರ ಜೊತೆಗೂ ಮಾತಾಡುತ್ತಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಇನ್ನೊಂದು ತೊಂದರೆ: ಒಂದೇ ಕಂಪನಿಯ ಮನೆಯೊಳಗೆ ಎಲ್ಲ ಹೊಂದಿಕೊಂಡಷ್ಟೂ ಹೊರಗೆ ಹೆಜ್ಜೆ ಇಡುವುದು ಕಷ್ಟವಾಗುತ್ತದೆ. ಹೊಸ ಬಗೆಯ ಫೋನಿಗೆ ಹೋಗಬೇಕೆಂದರೆ ಹಳೆಯ ಚಾಟು, ಹಳೆಯ ಫೋಟೋ, ಹಳೆಯ ಟಿಪ್ಪಣಿಗಳು ಕಾಲು ಹಿಡಿದು ಎಳೆಯುತ್ತವೆ. ಐಫೋನು–ಆಂಡ್ರಾಯ್ಡುಗಳ ನಡುವೆ ವಾಟ್ಸಾಪ್ ಸಂಭಾಷಣೆಗಳನ್ನು ಅಧಿಕೃತವಾಗಿ ಸಾಗಿಸುವ ದಾರಿ ತೆರೆದುಕೊಂಡದ್ದೇ 2021ರಲ್ಲಿ, ಅದೂ ಮೊದಮೊದಲು ಒಂದು ದಿಕ್ಕಿಗೆ, ಕೆಲವೇ ಫೋನುಗಳಿಗೆ, ತಂತಿ ಕಟ್ಟಿಕೊಂಡು.

ನಷ್ಟವನ್ನು ಕಂಪನಿಗಳ ಮಡಿಲಿಗೆ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಸೊಪ್ಪಿನ ಗಾಡಿಯ ಹತ್ತಿರ ಹೋದರೆ ಸಾಕು. ಎರಡು ಕಟ್ಟು ಮೆಂತ್ಯಕ್ಕೆ ಒಂದು ಕಂಪನಿಯ ಆ್ಯಪಿನಿಂದ ಇಪ್ಪತ್ತು ರೂಪಾಯಿ ಹಾಕಿದರೆ, ಇನ್ನೊಂದು ಕಂಪನಿಯ ಡಬ್ಬಿ ಗಾಡಿಯ ಮೇಲಿಂದ ಕನ್ನಡದಲ್ಲಿ ಕೂಗಿ ಒಪ್ಪಿಗೆ ಕೊಡುತ್ತದೆ. ಹಣ ಹೋದದ್ದು ಮೂರನೆಯ ಬ್ಯಾಂಕಿನಿಂದ, ಸೇರಿದ್ದು ನಾಲ್ಕನೆಯದಕ್ಕೆ. ಹಾಗಲ್ಲದ ಕಾಲವೂ ಇತ್ತು. ಒಂದು ವ್ಯಾಲೆಟ್ಟಿಗೆ ತುಂಬಿದ ಹಣ ಇನ್ನೊಂದು ವ್ಯಾಲೆಟ್ಟಿಗೆ ಹೋಗದೆ, ಎರಡೂ ಫೋನಿನಲ್ಲೇ ಅಕ್ಕಪಕ್ಕ ಕೂತು ಕೊಳೆಯುತ್ತಿದ್ದ ಕಾಲ. ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಯುಪಿಐ ಪ್ರಯೋಗ ಶುರು ಮಾಡಿದಾಗ ಅದರ ಮೂಲ ನಿಯಮವೇ ಯಾರಿಂದ ಯಾರಿಗೆ ಬೇಕಾದರೂ ಎಂಬುದು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ ಎರಡು ಸಾವಿರ ಕೋಟಿಗೂ ಮಿಕ್ಕಿ ವಹಿವಾಟುಗಳು ನಡೆದವು. ವ್ಯಾಲೆಟ್ಟುಗಳೂ ಕೊನೆಗೆ ಪರಸ್ಪರ ಮಾತಾಡಲೇಬೇಕಾಯಿತು: ಪೂರ್ತಿ ಕೆವೈಸಿ ಆದವನ್ನು 2022ರ ಮಾರ್ಚ್ 31ರೊಳಗೆ ಹೊಂದಿಸಬೇಕೆಂದು ರಿಸರ್ವ್ ಬ್ಯಾಂಕು ಗಡುವು ಹಾಕಿತ್ತು. ಮೊಬೈಲ್ ಕಂಪನಿ ಬದಲಿಸಿದರೆ ನಂಬರೂ ಬದಲಾಗಬೇಕು ಎಂಬ ಪ್ರಕೃತಿ ನಿಯಮ 2011ರ ಜನವರಿಯಲ್ಲಿ ದೇಶದಾದ್ಯಂತ ರದ್ದಾದದ್ದೂ ಹೀಗೆ, ಮೇಲಿನಿಂದ ಕಿವಿ ಹಿಂಡಿದ ಮೇಲೆ.

ಆದರೆ ನನ್ನ ವಾದಕ್ಕೆ ಬೇಕಾದ ಗಟ್ಟಿ ಪುರಾವೆ ಇದಲ್ಲ. ಅದು 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ, ಓದಲು ಬಲು ನೀರಸವಾದ ಒಂದು ಸುತ್ತೋಲೆ. ಇಲ್ಲಿ ಕಡಿತವಾಗಿ ಅಲ್ಲಿ ಜಮೆಯಾಗದ ಹಣವನ್ನು ನಿಗದಿತ ದಿನಗಳೊಳಗೆ ತಾನಾಗಿ ಹಿಂತಿರುಗಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಕೊಡಬೇಕು ಎಂದು ಅದು ಹೇಳುತ್ತದೆ. ಗಿರಾಕಿ ದೂರು ಕೊಡಲಿ, ಕೊಡದಿರಲಿ. ಎರಡು ಬ್ಯಾಂಕುಗಳ ಲೆಕ್ಕ ತಾಳೆಯಾಗದಿದ್ದರೆ ಅದು ಬ್ಯಾಂಕುಗಳ ತಲೆನೋವು ಎಂದು ಬರೆದಿಟ್ಟ ಅಪರೂಪದ ಕಾಗದ ಇದು. ಇದೇ ನಿಯಮವನ್ನು ರೈಲಿನ ಆ್ಯಪಿಗೂ ಕ್ಯಾಲೆಂಡರಿಗೂ ವಿಸ್ತರಿಸಿದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಮೂವರು ಪ್ಲಂಬರ್ ರಾಜುಗಳನ್ನು ಒಬ್ಬನನ್ನಾಗಿ ಮಾಡದ ಪ್ರತಿ ದಿನಕ್ಕೂ ನೂರು ರೂಪಾಯಿ! ಗಡಿಯಾರ, ಫೋನು ಎರಡೂ ಸಂಜೆಯೊಳಗೆ ಒಂದೇ ಹೆಜ್ಜೆ ಲೆಕ್ಕಕ್ಕೆ ಬರುತ್ತವೆ, ಬೇಕಿದ್ದರೆ ನಮ್ಮ ಜೊತೆ ಉದ್ಯಾನಕ್ಕೆ ನಡೆದಾದರೂ ಬರುತ್ತವೆ.

ನಷ್ಟ ನಮ್ಮ ಮೇಲೆ ಬಿದ್ದಾಗ ಏನಾಗುತ್ತದೆ ಎನ್ನುವುದಕ್ಕೂ ದೇಶವ್ಯಾಪಿ ಪ್ರಯೋಗ ನಡೆದಿದೆ. ಪ್ಯಾನ್ ಕಾರ್ಡು ಸರ್ಕಾರದ್ದು, ಆಧಾರ್ ಕಾರ್ಡೂ ಸರ್ಕಾರದ್ದು. ಎರಡನ್ನೂ ಜೋಡಿಸಬೇಕು ಎಂದಾಯಿತು, ಜೋಡಿಸುವ ಹೊಣೆ ಕಾರ್ಡು ಹೊತ್ತವರದ್ದಾಯಿತು, ತಡವಾದರೆ 1,000 ರೂಪಾಯಿ ಶುಲ್ಕವೂ ಅವರದ್ದೇ ಆಯಿತು. ಕರ್ನಾಟಕದವರ ಪಾಡು ಇದರಲ್ಲಿ ಒಂದು ತೂಕ ಹೆಚ್ಚು. ನಮ್ಮಲ್ಲಿ ಎಂ. ಎಸ್. ವೆಂಕಟೇಶ ಎಂದರೆ ಮದ್ದೂರು ಶಿವಣ್ಣನವರ ಮಗ ವೆಂಕಟೇಶ. ಊರೂ ಅಪ್ಪನೂ ಎರಡಕ್ಷರದಲ್ಲಿ ಅಡಗಿ ನೆಮ್ಮದಿಯಾಗಿದ್ದರು. ಪ್ಯಾನ್ ಅರ್ಜಿಗೆ ಇನಿಷಿಯಲ್ಲು ಆಗದು, ಕೊನೆಯ ಹೆಸರು ಬೇಕೇ ಬೇಕು. ಹೀಗಾಗಿ ಆಧಾರಿನಲ್ಲಿ ವೆಂಕಟೇಶ ಎಂ. ಎಸ್. ಆದವರು ಪ್ಯಾನಿನಲ್ಲಿ ಮದ್ದೂರು ಶಿವಣ್ಣ ವೆಂಕಟೇಶ ಆದರು, ಬ್ಯಾಂಕಿನಲ್ಲಿ ಕೊನೆಗೊಂದು ‘ಎ’ ಹೆಚ್ಚಾಗಿಯೋ ಕಡಿಮೆಯಾಗಿಯೋ ಮೂರನೆಯವರಾದರು, ಟಿಕೆಟ್ ಆ್ಯಪು ಅವರನ್ನು ಪ್ರೀತಿಯಿಂದ ‘ಹಲೋ ಮದ್ದೂರು’ ಎಂದು ಕರೆಯತೊಡಗಿತು. ಊರಿಗೆ ಊರೇ ರೈಲು ಹತ್ತುವಂತೆ ಕಾಣುತ್ತದೆ. ಇಷ್ಟಾದರೂ ಕೋಟಿಗಟ್ಟಲೆ ಜನ ಸೈಬರ್ ಸೆಂಟರುಗಳ ಮುಂದೆ ಸಾಲು ನಿಂತು, ಹೆಸರು ತಿದ್ದಿಸಿ, ಬೆರಳೊತ್ತಿ, ಎರಡು ಕಾರ್ಡುಗಳ ನಡುವೆ ಸಂಧಾನ ಮಾಡಿಸಿದರು. ದಂಡ ಯಾರಿಗೋ ಸಿಂಕ್ ಅವರಿಂದ ಎಂಬ ಸೂತ್ರ ಎರಡೂ ದಿಕ್ಕಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಕನ್ನಡ ಓದುಬರಹದವರಿಗೆ ಈ ಪಾಠ ಇನ್ನೂ ಹಳೆಯದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶದ ಕನ್ನಡ ಒಂದೊಂದು ಜಾತಿ. ಒಂದರಲ್ಲಿ ಬರೆದದ್ದು ಇನ್ನೊಂದರ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ನುಡಿ ತಂತ್ರಾಂಶದ ಹಳೆಯ ಕಡತವನ್ನು ಅದರ ಫಾಂಟ್ ಇಲ್ಲದ ಯಂತ್ರದಲ್ಲಿ ಇವತ್ತಿಗೂ ತೆರೆದು ನೋಡಿ: ‘ಕನ್ನಡ’ ಎಂಬ ಪದದ ಜಾಗದಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ನಟ್ಟನಡುವೆ ಬ್ರಿಟಿಷರ ಪೌಂಡ್ ಚಿಹ್ನೆ. ಆರಂಕುಶಮಿಟ್ಟರೂ ಎನ್ನುವಂಥ ಅಭಿಮಾನಿಗಳಿಗೂ ಅಲ್ಲಿ ನೆನೆಯಲು ಏನೂ ಸಿಗುವುದಿಲ್ಲ. ಪತ್ರಿಕೆಗಳ ಡಿಟಿಪಿ ವಿಭಾಗದಲ್ಲಿ ‘ಯೂನಿಕೋಡಿಗೆ ಕನ್ವರ್ಟ್ ಮಾಡಿ ಕಳಿಸಿ’ ಎಂಬ ಮಾತು ಒಂದು ತಲೆಮಾರಿನ ಮಂತ್ರವಾಯಿತು, ಕನ್ವರ್ಟ್ ಆದಾಗ ಒತ್ತಕ್ಷರ ಬಿದ್ದುಹೋಗಿ ಸನ್ಮಾನ್ಯರು ಯಾರು ಯಾರೋ ಆದರು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಂದರೆ ನಿಯಮ ಇತ್ತು, ಪಾಲಿಸಲೇಬೇಕಾದ ಒತ್ತಡ ಇರಲಿಲ್ಲ. ಆ ಒತ್ತಡ ಬಂದದ್ದು ಮೊಬೈಲುಗಳು ಬಂದು, ಯೂನಿಕೋಡಿನಲ್ಲಿ ಇಲ್ಲದ ಕನ್ನಡವನ್ನು ಯಾರೂ ಹುಡುಕಲಾರರು, ಓದಲಾರರು, ಹಂಚಲಾರರು ಎಂದಾದ ಮೇಲೆ. ಈಗ ಅಜ್ಜಿಯ ಫೋನಿನಿಂದ ಮೊಮ್ಮಗನ ಫೋನಿಗೆ ಶುಭೋದಯ ಒಂದು ಒತ್ತೂ ಬೀಳದೆ ದಿನವೂ ತಲುಪುತ್ತಿದೆ. ಮೊಮ್ಮಗ ಓದುತ್ತಾನೆಯೇ ಎಂಬುದು ಬೇರೆ ವಿಷಯ, ಅದು ಮಾನದಂಡಗಳ ವ್ಯಾಪ್ತಿಗೆ ಬರುವುದಿಲ್ಲ.

ಉಳಿದ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ: ಎಲ್ಲ ಆ್ಯಪುಗಳೂ ಮಾತಾಡಿಕೊಂಡರೆ ನಮ್ಮ ಗುಟ್ಟು ಉಳಿಯುತ್ತದೆಯೇ? ವಿಮೆಯ ಆ್ಯಪಿಗೆ ಮಿಠಾಯಿ ತರಿಸಿದ ಆ್ಯಪು ಚಾಡಿ ಹೇಳಿದರೆ? ಹೆಜ್ಜೆ ಎಣಿಸುವ ಗಡಿಯಾರ ಆಫೀಸಿನ ಹಾಜರಿ ಪುಸ್ತಕಕ್ಕೆ ಸಾಕ್ಷಿ ಹೇಳಿದರೆ? ಈ ಭಯ ಸುಳ್ಳಲ್ಲ, ಇದನ್ನು ನಕ್ಕು ತಳ್ಳಿಹಾಕುವವರನ್ನು ನಾನು ನಂಬುವುದಿಲ್ಲ. ಆದರೆ ಇದನ್ನು ಈಗಿನ ವ್ಯವಸ್ಥೆಯ ಪರವಾಗಿ ಬಳಸುವುದು ಮಾತ್ರ ತಮಾಷೆ. ಈಗಿರುವುದು ಗುಟ್ಟು ಕಾಯುವ ಮೌನವಲ್ಲ. ಗ್ಯಾಸ್ಕೆಟ್ಟಿನ ಸುದ್ದಿ ಊರೆಲ್ಲ ಹಬ್ಬಿಸುವವರೇ ಟಿಕೆಟ್ಟಿನ ವಿಷಯಕ್ಕೆ ಬಂದಾಗ ಖಾಸಗಿತನದ ಹೆಸರು ಹೇಳಿ ಬಾಯಿಗೆ ಬೀಗ ಹಾಕುತ್ತಾರೆ. ನಾವು ಹೇಳು ಎಂದದ್ದನ್ನು ಹೇಳುವುದು, ಹೇಳಬೇಡ ಎಂದದ್ದನ್ನು ಹೇಳದಿರುವುದು, ಇಷ್ಟು ತಾನೆ ಬೇಕಾಗಿರುವುದು? ಇದಕ್ಕೂ ದಾರಿ ಇದೆ. ಒಂದು ಬ್ಯಾಂಕಿನಲ್ಲಿರುವ ನಮ್ಮ ಲೆಕ್ಕವನ್ನು ಇನ್ನೊಂದು ಸಂಸ್ಥೆಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂದು ನಮ್ಮ ಒಪ್ಪಿಗೆ ಪಡೆದು ಮಾತ್ರ ಸಾಗಿಸುವ ಅಕೌಂಟ್ ಅಗ್ರಿಗೇಟರ್ ಎಂಬ ಏರ್ಪಾಟಿಗೆ ರಿಸರ್ವ್ ಬ್ಯಾಂಕು 2016ರಲ್ಲೇ ನಿಯಮ ಮಾಡಿದೆ, 2021ರಿಂದ ಅದು ನಡೆಯುತ್ತಲೂ ಇದೆ. ಸಾಗಿಸುವವರು ಲಕೋಟೆ ಬಿಚ್ಚಿ ನೋಡುವಂತಿಲ್ಲ ಎಂಬುದೂ ಅದರ ನಿಯಮ. ಜನ ಕಾಸಿನ ಗುಟ್ಟನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕೇ ಇಷ್ಟು ಮಾಡಲು ಸಾಧ್ಯವಾದರೆ ಮಜ್ಜಿಗೆ ಹುಳಿಯ ಟಿಪ್ಪಣಿಯನ್ನು ಒಂದು ನೋಟ್ಸ್ ಆ್ಯಪಿನಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲಿ ರಾಷ್ಟ್ರೀಯ ಭದ್ರತೆಗೆ ಧಕ್ಕೆಯಾಗದು.

ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪವೂ ಒಂದಿದೆ, ಬಹುಶಃ ಅದೇ ಎಲ್ಲಕ್ಕಿಂತ ಬಲವಾದದ್ದು. ಆ್ಯಪುಗಳು ಹೊಂದಿಕೊಂಡುಬಿಟ್ಟರೆ ನಮ್ಮ ನೆಪಗಳ ಗತಿ ಏನು? ‘ಮೆಸೇಜ್ ಈಗ ನೋಡಿದೆ’, ‘ರಿಮೈಂಡರ್ ಬರಲೇ ಇಲ್ಲ ಕಣ್ರೀ’, ‘ನಂಬರ್ ಹೋಗ್ಬಿಟ್ಟಿತ್ತು, ಇಲ್ಲದಿದ್ರೆ ಮೊದಲು ನಿಮಗೇ ಕರೀತಿದ್ದೆ’ ಎಂಬ ಮಾತುಗಳ ಮೇಲೆ ಎಷ್ಟು ನೆಂಟಸ್ತಿಕೆಗಳು ಒಡೆಯದೆ ನಿಂತಿವೆಯೋ. ಆಹ್ವಾನ ನೇರವಾಗಿ ಎಲ್ಲರ ಕ್ಯಾಲೆಂಡರಿನಲ್ಲಿ ಹೋಗಿ ಕೂತರೆ, ಹೋಗದವರಿಗೆ ಹೇಳಲು ಉಳಿಯುವುದು ನಿಜವೊಂದೇ. ಈ ಆತಂಕಕ್ಕೆ ನನ್ನ ಪೂರ್ಣ ಸಹಾನುಭೂತಿ ಇದೆ, ಆದರೆ ಇದಕ್ಕೂ ಆ 1998ರ ಮಾನದಂಡದಲ್ಲಿ ವ್ಯವಸ್ಥೆ ಮಾಡಿದ್ದಾರೆ. ಆಹ್ವಾನಕ್ಕೆ ಬರುತ್ತೇನೆ, ಬರುವುದಿಲ್ಲ ಎಂಬ ಎರಡು ಉತ್ತರಗಳ ಜೊತೆ, ಸದ್ಯಕ್ಕೆ ಬರುವ ಅಂದಾಜಿದೆ ಎನ್ನುವ ಮೂರನೆಯದೂ ಅದರಲ್ಲಿ ಇದೆ. ‘ಅಯ್ಯೋ, ಖಂಡಿತ ಬರ್ತೀವಿ, ನೋಡೋಣ’ ಎನ್ನುವುದನ್ನು ಯಂತ್ರಕ್ಕೆ ಅರ್ಥವಾಗುವಂತೆ ಬರೆಯಬಹುದು ಎಂದು ಲೋಟಸ್ ಮತ್ತು ಮೈಕ್ರೋಸಾಫ್ಟಿನ ಆ ಇಬ್ಬರಿಗೆ ಹೇಗೆ ಹೊಳೆಯಿತೋ. ಕರಡು ಬರೆಯುವ ಹೊತ್ತಿನಲ್ಲಿ ಮಂಡ್ಯದ ಕಡೆಯವರು ಯಾರಾದರೂ ಪಕ್ಕದಲ್ಲಿ ಕೂತಿದ್ದಿರಬೇಕು.